ನೀರಿಗೆ ಕೈ ಹಚ್ಚಿಲ್ಲ ಅಂದೆ

ಮಾರ್ಚ್ 3, ಸೋಮವಾರ

ನಿವೃತ್ತಿಯಾಗಿ ಮೂರು ದಿನ. ಇವತ್ತೂ ನಾಲ್ಕೂವರೆಗೇ ಎಚ್ಚರವಾಯಿತು. ಎದ್ದು ಮುಖ ತೊಳೆದು, ಅಂಗಿ ಹಾಕಿಕೊಂಡು, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಗಾಗಿ ಬಾಗಿಲ ಹಿಂದೆ ತಡಕಾಡಿದೆ. ಅದನ್ನು ಶುಕ್ರವಾರವೇ ಒಪ್ಪಿಸಿ ಬಂದದ್ದು ಆಮೇಲೆ ನೆನಪಾಯಿತು. ನಮ್ಮವ್ವ ನನಗೆ ಹುಚ್ಚೀರಪ್ಪ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಮೂವತ್ತೊಂದು ವರ್ಷ ಬೆಟಗೇರಿಯ ಓಣಿಗಳಿಗೆ ನೀರು ಬಿಟ್ಟವನು ನಾನು. ಹತ್ತು ದಿನಕ್ಕೊಮ್ಮೆ, ಹನ್ನೆರಡು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಬೈಸಿಕೊಂಡಿದ್ದೇನೆ, ಕರೆದು ಚಹಾ ಕೊಟ್ಟವರ ಮನೆಯಲ್ಲಿ ಕುಡಿದಿದ್ದೇನೆ, ಒಂದು ಸಲ ಕೊಡದಲ್ಲಿ ಹೊಡೆಸಿಕೊಂಡಿದ್ದೇನೆ. ಆದರೆ ನಾನು ಬಿಟ್ಟ ನೀರು ಕುಡಿದು ಹಾಸಿಗೆ ಹಿಡಿದವರು ಒಬ್ಬರೂ ಇಲ್ಲ. ಅದು ನನ್ನ ಹೆಮ್ಮೆ, ಬರೆದುಕೊಳ್ಳಲು ನಾಚಿಕೆಯಿಲ್ಲ.

ದಿನಾ ಲಾಗ್ ಬುಕ್ ಬರೆದ ಕೈ ಸುಮ್ಮನಿರುತ್ತಿಲ್ಲ. ಬೀಳ್ಕೊಡುಗೆಯಲ್ಲಿ ಶಾಲಿನ ಜೊತೆ ಈ ಡೈರಿ ಕೊಟ್ಟರು, ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಅದೂ ಒಳ್ಳೆಯದೇ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮೂರೇ ಜನ. ಮಗ ವೀರೇಶ ಗದಗಿನ ಬೈಕ್ ಶೋರೂಮಿನಲ್ಲಿ ಮೆಕ್ಯಾನಿಕ್, ಒಂಬತ್ತಕ್ಕೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾನೆ. ಹಗಲೆಲ್ಲ ನಾನು, ವೀರೇಶನ ಹೆಂಡತಿ, ಮತ್ತು ಅವಳ ಮೀನು. ಪಡಸಾಲೆಯಲ್ಲಿ ನಾಲ್ಕು ಗಾಜಿನ ತೊಟ್ಟಿ ಇಟ್ಟಿದ್ದಾಳೆ. ಗಾಳಿ ಪಂಪು ಹಗಲೂ ರಾತ್ರಿ ಗುಳುಗುಳು ಅನ್ನುತ್ತದೆ. ನೌಕರಿಯಲ್ಲಿದ್ದಾಗ ಅದು ಕಿವಿಗೇ ಬಿದ್ದಿರಲಿಲ್ಲ.

ಮಾರ್ಚ್ 6, ಗುರುವಾರ

ಇವತ್ತು ವೀರೇಶನ ಹೆಂಡತಿ ತೊಟ್ಟಿ ತೊಳೆಯುವುದನ್ನು ಕುಳಿತು ನೋಡಿದೆ. ನೋಡಬಾರದಿತ್ತು. ಬಕೆಟ್ಟಿನಲ್ಲಿ ಕಾಲು ಭಾಗ ನೀರು ತೆಗೆದಳು, ಅಷ್ಟೇ. ಮುಕ್ಕಾಲು ಹಳೆಯ ನೀರು ಹಾಗೇ ಉಳಿಯಿತು. ಫಿಲ್ಟರಿನ ಕಪ್ಪು ಸ್ಪಂಜನ್ನು ತೆಗೆದು, ಆ ತೆಗೆದ ಹೊಲಸು ನೀರಿನಲ್ಲೇ ನಾಲ್ಕು ಸಲ ಹಿಂಡಿ ಮತ್ತೆ ಒಳಗಿಟ್ಟಳು. ಆಮೇಲೆ ಮೂರು ದಿನ ತೆರೆದಿಟ್ಟಿದ್ದ ಬಕೆಟ್ಟಿನ ನೀರು ಸುರಿದಳು.

"ಅಲ್ಲವಾ, ಕೊಳಿ ನೀರಾಗ ಕೊಳಿ ತೊಳಿಯೂದು ಇದು ಯಾವ ನಮೂನಿ?" ಅಂದೆ.

"ಇದನ್ನ ಹಿಂಗಽ ತೊಳಿಬೇಕ್ರಿ ಮಾವಾರ," ಅಂದಳು.

ಯಾಕೆ ಅಂತ ನಾನು ಕೇಳಲಿಲ್ಲ. ನೀರಿನ ವಿಷಯವನ್ನು ನನಗೆ ಹೇಳಿಕೊಡುವವರು ಮನೆಯಲ್ಲೇ ಹುಟ್ಟಿಕೊಂಡರಲ್ಲ ಅಂತ ಸಿಟ್ಟು ಬಂತು.

ಆದರೂ ಆ ಮೀನಿನ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ. ಹೋದ ವರ್ಷ ಎರಡು ಸಲ ಅವಳಿಗೆ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ಒಂದು ತಿಂಗಳು ಗೋಡೆ ನೋಡುತ್ತಾ ಕುಳಿತಳು. ಆಗ ವೀರೇಶ ಒಂದು ಜೋಡಿ ಗಪ್ಪಿ ಮೀನು ತಂದುಕೊಟ್ಟ. ಎರಡಿದ್ದದ್ದು ಇಪ್ಪತ್ತಾಯಿತು, ಈಗ ಅರವತ್ತಮೂರು ಅಂತೆ. ಗದಗಿನ ಸ್ಟೇಷನ್ ರಸ್ತೆಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಮಾಶಾಕನಿಗೆ ಮರಿ ಕೊಡುತ್ತಾಳೆ. ದೊಡ್ಡ ತೊಟ್ಟಿಯಲ್ಲಿ ರೆಕ್ಕೆ ಉದ್ದದ ಏಂಜಲ್ ಮೀನಿನ ಜೋಡಿ ಇದೆ, ಇನ್ನೇನು ಮೊಟ್ಟೆ ಇಡುತ್ತದಂತೆ. ಮನೆಗೆ ಬಂದವರನ್ನೆಲ್ಲ ಕರೆದು ತೋರಿಸುತ್ತಾಳೆ: "ನನ್ನ ಕೈಯಾಗ ಹೆಂಗ ಬದುಕ್ಯಾವ ನೋಡ್ರಿ!"

ನಾಳೆ ಗಂಡ ಹೆಂಡತಿ ಲಕ್ಷ್ಮೇಶ್ವರಕ್ಕೆ ಹೋಗುತ್ತಾರೆ. ಬೀಗತಿಯ ಕಣ್ಣಿನ ಆಪರೇಷನ್. ಸೋಮವಾರ ವಾಪಸು. ನನಗೆ ಒಪ್ಪಿಸಿದ ಕೆಲಸ: ದಿನಕ್ಕೆ ಎರಡು ಸಲ ಒಂದೊಂದು ಚಿಟಿಕೆ ಆಹಾರ. ಮೂವತ್ತೊಂದು ವರ್ಷದ ಸರ್ವೀಸಿಗೆ ಇದು ಬಡ್ತಿ.

ಮಾರ್ಚ್ 8, ಶನಿವಾರ

ಬೆಳಗ್ಗೆ 5:35ಕ್ಕೆ ನೀರು ಬಂತು. ಹನ್ನೆರಡನೆಯ ದಿನ. ಒತ್ತಡ ಚೆನ್ನಾಗಿತ್ತು.

ನೀರು ಬಂದ ದಿನ ನಮ್ಮ ಓಣಿಯಲ್ಲಿ ಹಳೆಯ ನೀರಿಗೆ ಬೆಲೆಯಿಲ್ಲ. ನಿನ್ನೆಯವರೆಗೆ ಚೊಂಬು ಚೊಂಬು ಲೆಕ್ಕ ಹಾಕಿದವರೇ ಇವತ್ತು ಕೊಡಪಾನ, ಹಂಡೆ, ಬ್ಯಾರಲ್ ಎಲ್ಲವನ್ನೂ ಅಂಗಳಕ್ಕೆ ಬಗ್ಗಿಸುತ್ತಾರೆ. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಾರೆ. ನಾನೂ ಒಬ್ಬನೇ ಅಷ್ಟೂ ಮಾಡಿದೆ. ಮೊನ್ನೆ ಪೈಪ್ ದುರಸ್ತಿಯಾಗಿದೆ, ಅದಕ್ಕೇ ಬ್ಲೀಚಿಂಗ್ ಜೋರಾಗಿತ್ತು, ನಲ್ಲಿಯ ಹತ್ತಿರ ನಿಂತರೆ ಮೂಗಿಗೆ ಹೊಡೆಯುತ್ತಿತ್ತು. ದುರಸ್ತಿಯಾದ ಮೇಲೆ ಹಾಗೇ ಇರಬೇಕು. ನನ್ನ ಹಳೆಯ ಪರೀಕ್ಷೆಯ ಪೆಟ್ಟಿಗೆ ತೆಗೆದು, ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದೆ. ಗಾಢ ಹಳದಿ. ಬಣ್ಣ ಬಂದರೆ ಬ್ಲೀಚಿಂಗ್ ಇದೆ, ಬ್ಲೀಚಿಂಗ್ ಇದ್ದರೆ ನೀರು ಶುದ್ಧ. ಖುಷಿಯಾಯಿತು.

ಆಮೇಲೆ ಕಣ್ಣು ಮೀನಿನ ತೊಟ್ಟಿಯ ಮೇಲೆ ಬಿತ್ತು. ಊರಿಗೆಲ್ಲ ಹೊಸ ನೀರು ಬಿಟ್ಟವನ ಮನೆಯಲ್ಲಿ, ನೀರು ಬಂದ ದಿನವೇ, ನಾಲ್ಕು ತೊಟ್ಟಿ ತುಂಬ ಹಳೆಯ ನೀರು! ಮೀನುಗಳನ್ನು ಬಕೆಟ್ಟಿಗೆ ಹಾಕಿ ಎಲ್ಲ ಬಗ್ಗಿಸಿದೆ. ಗಾಜು, ಕಲ್ಲು ತಿಕ್ಕಿದೆ. ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿದರೆ ತಿಳಿನೀರು ಬರುವವರೆಗೆ ತೊಳೆದೆ. ಹತ್ತು ಗಂಟೆಗೆ ನಾಲ್ಕೂ ತೊಟ್ಟಿ ಫಳಫಳ. ಅವಳು ಬಂದು ನೋಡಲಿ, ಸ್ವಚ್ಛ ಅಂದರೆ ಏನು ಅಂತ.

ಸಂಜೆ 4:00. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿವೆ. ಹಸಿದಿರಬೇಕು. ಎರಡು ಚಿಟಿಕೆ ಹೆಚ್ಚಿಗೆ ಹಾಕಿದೆ.

ಮಾರ್ಚ್ 9, ಭಾನುವಾರ

ಮೂವತ್ತೆಂಟು. ಏಂಜಲ್ ಜೋಡಿಯಲ್ಲಿ ಒಂದು.

ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ ಹೂತೆ.

ಮಾರ್ಚ್ 10, ಸೋಮವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹನ್ನೊಂದಕ್ಕೆ ಬಂದರು. ಚೀಲ ಹೆಗಲಲ್ಲಿ ಇರುವಾಗಲೇ ಅವಳು ತೊಟ್ಟಿಯ ಮುಂದೆ ಕುಳಿತಳು. ಬೆರಳು ಮಡಚಿ ಎಣಿಸಿದಳು, ಮತ್ತೆ ಎಣಿಸಿದಳು.

"ಮಾವಾರ, ನೀರು ಏನರ ಬದ್ಲಿ ಮಾಡಿದ್ರೇನ್ರಿ?"

"ಇಲ್ಲ. ನೀರಿಗೆ ಕೈ ಹಚ್ಚಿಲ್ಲ."

ಬಾಯಿಗೆ ಬಂದುಬಿಟ್ಟಿತು. ನಾನು ಸುಳ್ಳು ಹೇಳುವವನಲ್ಲ. ನೀರು ಬಿಡಲು ತಡವಾದರೂ ಮೋಟರ್ ಕೆಟ್ಟಿತ್ತು ಅಂತ ನೆಪ ಹೇಳಿದವನಲ್ಲ, ಮಲಗಿಬಿಟ್ಟೆ ಅಂತಲೇ ಹೇಳಿದವನು. ಆದರೆ ಇದು ನೀರಿನ ಶುದ್ಧಿಯ ವಿಷಯ. ನೀರಿನಲ್ಲಿ ಹುಚ್ಚೀರಪ್ಪ ತಪ್ಪಿದ ಅಂತ ಅವಳ ಬಾಯಲ್ಲಿ ಕೇಳುವುದು ನನ್ನಿಂದ ಆಗಲಿಲ್ಲ.

"ಕರೆಂಟ್ ಹೋಗಿತ್ತೇನು?" ಅಂದ ವೀರೇಶ. "ಹೋಗಿರಬೇಕು," ಅಂದೆ. ಒಂದು ಸುಳ್ಳು ಎರಡಾಯಿತು.

ಅವಳು ಒಂದಿಷ್ಟೂ ಅನುಮಾನಪಡಲಿಲ್ಲ. "ಮಾವಾರು ನೀರಾಗಽ ಇದ್ದವರು, ಅವರು ಕೈ ಹಚ್ಚಿಲ್ಲ ಅಂದ್ರ ಹಚ್ಚಿಲ್ಲ," ಅಂತ ಗಂಡನಿಗೆ ಹೇಳಿದಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು. "ಗುರುವಾರ ನಾನಽ ತೊಳದು ಹೋಗಿದ್ದೆ. ನನ್ನ ಕೈಲೇ ಏನೋ ಆಗೇತಿ."

ಮಾರ್ಚ್ 12, ಬುಧವಾರ

ಸಾಯುವುದು ನಿಲ್ಲುತ್ತಿಲ್ಲ. ಇವತ್ತು ಬೆಳಗ್ಗೆ ಎಣಿಸಿದರೆ ಉಳಿದದ್ದು ಹನ್ನೊಂದು. ಗದಗಿಗೆ ಹೋಗಿ ಮಾಶಾಕನ ಅಂಗಡಿ ಹುಡುಕಿದೆ. ರಂಜಾನ್ ಉಪವಾಸ ಇದ್ದಾನೆ, ಆದರೂ ನನಗೆ ಮಾತ್ರ ಎದುರಿನ ಹೋಟೆಲಿನಿಂದ ಚಹಾ ತರಿಸಿದ.

"ಮುಂಡರಗಿಯಾಗ ನಮ್ಮ ಗೆಳ್ಯಾ ಒಬ್ಬ ಅದಾನ," ಅಂತ ಶುರು ಮಾಡಿದೆ. ಗೆಳೆಯ ನೀರು ಬಂದ ದಿನ ತೊಟ್ಟಿ ತೊಳೆದದ್ದು, ಸ್ಪಂಜು ತೊಳೆದದ್ದು, ಎಲ್ಲ ಹೇಳಿದೆ. ಮಾಶಾಕ ಕೇಳುತ್ತಾ ಕೇಳುತ್ತಾ ತಲೆ ಹಿಡಿದುಕೊಂಡ.

"ಬ್ಲೀಚಿಂಗ್ ನಮಗ ಚಲೋರಿ ಯಜಮಾನ್ರ. ಮೀನಿಗೆ ಅಲ್ಲ. ಅದು ನೀರಾಗಽ ಉಸರಾಡತೈತಿ, ಕಿವಿರು ಸುಟ್ಟು ಹೋಗತಾವ. ನಲ್ಲಿ ನೀರು ಎರಡ ದಿನ ತೆರದಿಟ್ಟು ಹಾಕಬೇಕು."

"ಸ್ಪಂಜ್?"

"ಅದರಾಗಿನದು ಕೊಳಿ ಅಲ್ರಿ. ಕಣ್ಣಿಗಿ ಕಾಣದ ಜೀವ ಇರತಾವ ಅದರಾಗ. ಮೀನಿನ ಹೊಲಸು ತಿಂದು ನೀರು ಸ್ವಚ್ಛ ಇಡತಾವ. ಅದಕ್ಕಽ ತೊಟ್ಟಿ ನೀರಾಗ ಅಷ್ಟಽ ಹಿಂಡಬೇಕು. ನಿಮ್ಮ ಗೆಳ್ಯಾ ಅವನ್ನೂ ಕೊಂದ. ಈಗ ಉಳದ ಮೀನು ತಮ್ಮ ಹೊಲಸಿನಾಗ ತಾವಽ ಸಾಯಾಕತ್ತಾವ."

ನಾನು ಶುದ್ಧ ಮಾಡಿದ್ದೇ ಅವಕ್ಕೆ ವಿಷವಾಗಿತ್ತು. ಚಹಾದ ಲೋಟ ಅರ್ಧಕ್ಕೇ ಕೆಳಗಿಟ್ಟೆ.

ಹೊರಡುವಾಗ ಮಾಶಾಕ ನನ್ನ ಮುಖ ನೋಡಿದ. "ಆ ಗೆಳ್ಯಾಗ ಹೇಳ್ರಿ, ಮನಿಯಾಗ ಜಲ್ದಿ ಒಪ್ಪಿಕೊಂಡ್ರ ಚಲೋ. ನಿಮ್ಮ ಸೊಸಿ ಶಿವರಂಜನಿ ಅಕ್ಕಾರು ನಿನ್ನೆ ಫೋನ್ ಮಾಡಿದ್ರು. ಇನ್ನ ಮೀನು ಸಾಕೂದಿಲ್ಲ, ತೊಟ್ಟಿ ಎಲ್ಲಾ ತಗೊಂಡು ಹೋಗು ಅಂದ್ರು. ಹಬ್ಬ ಮುಗಿಸಿ ಬರತೀನಿ ಅಂದೀನಿ."

ಗೊತ್ತಾಗಿಬಿಟ್ಟಿದೆ ಅವನಿಗೆ. ಹಬ್ಬ ಈ ತಿಂಗಳ ಕೊನೆಗೆ.

ಮಾರ್ಚ್ 15, ಶನಿವಾರ

ಹೇಳಲಿಲ್ಲ. ಅದರ ಬದಲು ಕೆಲಸ ಮಾಡುತ್ತಿದ್ದೇನೆ.

ಮುಚ್ಚಿದ ಸಿಂಟೆಕ್ಸ್ ಟಾಕಿಯ ನೀರು: ಏಳನೆಯ ದಿನವೂ ತೆಳು ಹಳದಿ. ಹಿತ್ತಲಲ್ಲಿ ಬಿಸಿಲಿಗೆ ತೆರೆದಿಟ್ಟ ಬಕೆಟ್: ಮೊದಲ ದಿನ ಸಂಜೆ ಸ್ವಲ್ಪ ಹಳದಿ, ಎರಡನೆಯ ದಿನ ಸಂಜೆ ಬಣ್ಣವೇ ಇಲ್ಲ. ಬಣ್ಣ ಬಾರದಿದ್ದರೆ ಮೇಲಿನವರಿಗೆ ಫೋನ್ ಮಾಡುತ್ತಿದ್ದವನು ನಾನು. ಈಗ ಬಣ್ಣ ಬರಲಿಲ್ಲ ಅಂತ ಖುಷಿಪಡುತ್ತಿದ್ದೇನೆ.

ಸೊಸೆ ಜಳಕಕ್ಕೆ ಹೋದಾಗ ಪ್ರತಿ ತೊಟ್ಟಿಯಿಂದ ಎರಡು ಮಗ್ಗು ತೆಗೆದು, ಎರಡು ಮಗ್ಗು ಬಿಸಿಲು ಕಂಡ ನೀರು ಹಾಕುತ್ತೇನೆ. ಕಳ್ಳನ ಹಾಗೆ ಕಾಲು ಎತ್ತಿ ಎತ್ತಿ ಇಡಬೇಕು. ನಿನ್ನೆಯಿಂದ ಒಂದೂ ಸತ್ತಿಲ್ಲ. ಒಂಬತ್ತು ಉಳಿದಿವೆ.

ಮಾರ್ಚ್ 16, ಭಾನುವಾರ

ವೀರೇಶ ಕಾಯಿನ್ ಹಾಕಿ ಕುಡಿಯುವ ನೀರು ಹಿಡಿಯುವ ಘಟಕದಿಂದ ಮೂರು ಕ್ಯಾನು ಹೊತ್ತು ತಂದ. ಎಲ್ಲಕ್ಕಿಂತ ಶುದ್ಧ ನೀರು ಇದೇ, ಮೀನಿಗೆ ಇದನ್ನೇ ಹಾಕೋಣ ಅಂದ. ಪಾಪ, ಅವನದು ನನ್ನದೇ ತಲೆ.

"ಬ್ಯಾಡೋ. ಅದರಾಗ ಏನೂ ಉಳಿದಿರೂದಿಲ್ಲ. ಉಪ್ಪಿಲ್ಲ, ಸುಣ್ಣಿಲ್ಲ. ಬರೇ ಆ ನೀರಾಗ ಮೀನು ತಡಿಯೂದಿಲ್ಲ," ಅಂದೆ. ಇದೂ ಮಾಶಾಕನದೇ, ನಿನ್ನೆ ಫೋನ್ ಮಾಡಿ ಕೇಳಿದ್ದೆ.

"ನಿನಗ ಹೆಂಗ ಗೊತ್ತಪ್ಪ?"

"ನೀರಿನ ವಿಷಯ ನನಗ ಕೇಳ್ತೀಯೇನು?" ಅಂತ ಗದರಿಸಿದೆ. ಹಳೆಯ ಜಂಬ ಉಪಯೋಗಕ್ಕೆ ಬಂತು.

ಸೊಸೆ ಒಂದು ವಾರದ ಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. "ಮಾವಾರು ಹೇಳಿದ್ರ ಖರೆ ಇರತೈತಿ. ಬಿಡ್ರಿ, ನಾವಽ ಕುಡಿಯೂಣು."

ಮಾರ್ಚ್ 19, ಬುಧವಾರ

ಡಂಬಳದಿಂದ ನಮ್ಮಕ್ಕ ಬಸವಣ್ಣೆವ್ವ ಬಂದಿದ್ದಳು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಖಾಲಿಯಾದಂತಿದ್ದ ತೊಟ್ಟಿಗಳನ್ನು ನೋಡಿ ವಿಚಾರಿಸಿದಳು. ಸೊಸೆಯೇ ಎಲ್ಲ ಹೇಳಿದಳು. ತಾನು ತೊಳೆದು ಹೋದದ್ದು, ಬಂದು ನೋಡುವಷ್ಟರಲ್ಲಿ ಸತ್ತದ್ದು.

ಅಕ್ಕ ದನಿ ತಗ್ಗಿಸಲೂ ಇಲ್ಲ. "ನಾ ಹೇಳಿದ್ರ ಬ್ಯಾಸರ ಮಾಡ್ಕೋಬ್ಯಾಡ ಹುಚ್ಚೀರ. ಕೈಗುಣ ಅಂತ ಒಂದಿರತೈತಿ. ಕೆಲವರು ಒಣಾ ಕಡ್ಡಿ ನೆಟ್ರೂ ಚಿಗಿತೈತಿ. ಕೆಲವರ ಕೈಯಾಗ ಏನೂ ನಿಲ್ಲೂದಿಲ್ಲ. ಹೊಟ್ಟಿಯಾಗೂ ನಿಲ್ಲಲಿಲ್ಲ, ನೀರಾಗೂ ನಿಲ್ಲಲಿಲ್ಲ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಮೂಟೆಯ ಹಾಗೆ ಕುಳಿತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಮುಂದೆ, ಊರೆಲ್ಲ ಸುದ್ದಿ ಹಂಚುವ ಅಕ್ಕನ ಮುಂದೆ, ಹೇಗೆ ಹೇಳುವುದು ಅಂತ ನುಂಗಿದೆ. "ಬಸ್ಸಿಗೆ ಹೊತ್ತಾತು," ಅಂದೆ.

ನಾನು ಇಷ್ಟು ಪುಕ್ಕಲ ಅಂತ ನನಗೇ ಗೊತ್ತಿರಲಿಲ್ಲ.

ಮಾರ್ಚ್ 20, ಗುರುವಾರ

ಇವತ್ತೂ ಹೇಳಲಿಲ್ಲ.

ಮಾರ್ಚ್ 21, ಶುಕ್ರವಾರ

6:10ಕ್ಕೆ ನೀರು ಬಂತು. ಬ್ಲೀಚಿಂಗ್ ಸಾಧಾರಣ. ಹಿತ್ತಲಲ್ಲಿ ಎರಡು ಡ್ರಮ್ಮು ಬೇರೆ ತುಂಬಿ, ಬಾಯಿಗೆ ಹಳೆಯ ಪಂಜೆ ಕಟ್ಟಿಟ್ಟೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಶಿವರಂಜನಿ ಈಗ ತೊಟ್ಟಿಯ ಹತ್ತಿರ ಬರುವುದಿಲ್ಲ. ಮೀನಿನ ಆಹಾರದ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. "ನೀವಽ ಹಾಕ್ರಿ. ನಿಮ್ಮ ಕೈಲೇ ಇಷ್ಟರ ಉಳದಾವ."

ಡಬ್ಬಿ ಇಸಿದುಕೊಂಡೆ. ಬೇರೆ ಏನು ಮಾಡಲಿ? ಆ ಮಾತಿಗಿಂತ ಅವಳು ನನ್ನನ್ನು ನಾಲ್ಕು ಮಂದಿಯ ಮುಂದೆ ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಅಂಗಳದ ಕರಿಬೇವಿನ ಸಸಿಗೂ ಅವಳು ಈಗ ನೀರು ಹಾಕುವುದಿಲ್ಲ, ವೀರೇಶನಿಗೆ ಹೇಳುತ್ತಾಳೆ. ಹಾಲಿಗೆ ಹೆಪ್ಪು ಹಾಕುವುದನ್ನೂ ನಿಲ್ಲಿಸಿದ್ದಾಳೆ. ಪಾಕೀಟಿನ ಮೊಸರು ಬರುತ್ತಿದೆ. ಮೊದಲು ಮೊಸರು ಹುಳಿ ಅಂತ ನಾನೇ ತಕರಾರು ಮಾಡುತ್ತಿದ್ದೆ.

ಮಾರ್ಚ್ 25, ಮಂಗಳವಾರ

ಹೇಳಿದೆ.

ಪಕ್ಕದ ಮನೆಯ ಸುಗ್ರಾಬಿ ಬೆಳಗ್ಗೆ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಮಗಳು ದಿಲಶಾದಬಿ ಹಡೆಯಲು ತವರಿಗೆ ಬಂದಿದ್ದಾಳೆ, ಕೂಸಿಗೆ ಇಪ್ಪತ್ತು ದಿನ. ಸುಗ್ರಾಬಿ ನಿನ್ನೆ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದಾಳೆ, ಅರಿಷಿಣದ ಪಟ್ಟಿ ಕಟ್ಟಿತ್ತು.

"ರಂಜನೀ, ನನ್ನ ಕೈ ನಡಿಯವಲ್ದು ನೋಡವಾ. ಈ ಕೂಸಿಗೆ ಎಣ್ಣಿ ತಿಕ್ಕಿ ನೀರು ಎರಿಯಾಕ ನೀನಽ ಬಾ. ಓಣ್ಯಾಗ ನಿನ್ನಂಗ ಮೆತ್ತಗ ಎರಿಯೋರು ಯಾರದಾರ?" ಅಂದಳು.

ಶಿವರಂಜನಿ ಮಗುವಿನ ಮುಖ ನೋಡಿ ನಕ್ಕಳು. ಹದಿನೈದು ದಿನದ ಮೇಲೆ ನಕ್ಕದ್ದು. ಕೈ ಚಾಚಿದಳು. ಆಮೇಲೆ ಏನೋ ಸುಟ್ಟಂತೆ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡು ಬೆನ್ನಿಗೆ ಕಟ್ಟಿಕೊಂಡಳು.

"ಬ್ಯಾಡ ಸುಗ್ರಾಬಿ ಚಿಗವ್ವ. ನನ್ನ ಕೈಯಾಗ ಬ್ಯಾಡ. ಬ್ಯಾರೆ ಯಾರನ್ನರ ಕರೀರಿ."

ಕೂಸು ಸುಮ್ಮನೆ ಅವಳನ್ನೇ ನೋಡುತ್ತಿತ್ತು. ನನಗೆ ತಡೆಯಲಿಕ್ಕೆ ಆಗಲಿಲ್ಲ. ಕುಳಿತಲ್ಲಿಂದ ಎದ್ದು ನಿಂತೆ. ದನಿ ಎಷ್ಟು ಜೋರಾಯಿತೆಂದರೆ ಹೊರಗೆ ತರಕಾರಿ ಮಾರುವವಳು ತಿರುಗಿ ನೋಡಿದಳು.

"ಮೀನು ಕೊಂದಾವ ನಾನು! ನೀರು ಬಂದ ದಿನ ಬ್ಲೀಚಿಂಗ್ ನೀರು ಹಾಕ್ದಾವ ನಾನು. ಸ್ಪಂಜ್ ತೊಳದಾವ ನಾನು. ನೀರಿಗೆ ಕೈ ಹಚ್ಚಿಲ್ಲ ಅಂತ ಸುಳ್ಳು ಹೇಳಿದೆ. ನಿನ್ನ ಕೈದು ಏನೂ ತಪ್ಪಿಲ್ಲವಾ, ಏನೂ ತಪ್ಪಿಲ್ಲ."

ಸುಗ್ರಾಬಿ "ಯಾ ಅಲ್ಲಾ" ಅಂದಳು. ಶಿವರಂಜನಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಗುವನ್ನು ಎತ್ತಿಕೊಳ್ಳಲಿಲ್ಲ.

ಹೇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಮಾರ್ಚ್ 26, ಬುಧವಾರ

ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು. ಮಾತಿಲ್ಲ. ವೀರೇಶನೂ ತಲೆ ತಗ್ಗಿಸಿ ಉಂಡು ಹೋದ.

ಮಾರ್ಚ್ 27, ಗುರುವಾರ

ಮಧ್ಯಾಹ್ನ ನಾನು ತೊಟ್ಟಿಗೆ ಡ್ರಮ್ಮಿನ ನೀರು ಹಾಕುತ್ತಿದ್ದೆ, ಈಗ ಕದ್ದು ಹಾಕಬೇಕಿಲ್ಲ. ಶಿವರಂಜನಿ ಬಂದು ಗೋಡೆಗೆ ಒರಗಿ ನಿಂತಳು.

"ಮಾವಾರ, ಮೀನು ಸತ್ತದ್ದು ಬಿಡ್ರಿ. ನಿಮಗ ಗೊತ್ತಿರಲಿಲ್ಲ. ನಾನೂ ಹಿಂಗ್ಯಾಕ ತೊಳಿಬೇಕು ಅಂತ ಬಿಡಿಸಿ ಹೇಳಲಿಲ್ಲ."

"ಹಂಗಲ್ಲವಾ..."

"ಸುಳ್ಳು ಹೇಳಿದ್ದೂ ಬಿಡ್ರಿ. ಆದ್ರ ಡಂಬಳದ ಅತ್ತಿಯಾರು ನನ್ನ ಕೈ ಬಗ್ಗೆ ಅಷ್ಟು ಮಾತಾಡುಮುಂದ ನೀವು ಅಲ್ಲೇ ಕುಂತಿದ್ರಿ."

ಮಗ್ಗು ನನ್ನ ಕೈಯಲ್ಲೇ ಉಳಿಯಿತು. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಹೇಳಿ ಒಳಗೆ ಹೋದಳು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನ ನನ್ನನ್ನು ಬೈದಿದ್ದಾರೆ, ಯಾರಿಗೂ ಉತ್ತರ ಕೊಡದೆ ಬಿಟ್ಟಿಲ್ಲ. ಡಂಬಳದ ಬಸ್ಸು ಎಷ್ಟು ಹೊತ್ತಿಗೆ ಅಂತ ಹೊರಗೆ ಹೋಗಿ ಕೇಳಿ ಬಂದೆ.

ಮಾರ್ಚ್ 28, ಶುಕ್ರವಾರ. ಡಂಬಳ

ಬೆಳಗಿನ ಬಸ್ಸಿಗೆ ಬಂದೆ. ಮನೆಯಲ್ಲಿ ಮಾಶಾಕನನ್ನು ನೋಡಿ ಬರುತ್ತೇನೆ ಅಂದಿದ್ದೆ. ಇದೊಂದು ಸುಳ್ಳು ಇರಲಿ.

ಅಕ್ಕನ ಮನೆಯಲ್ಲಿ ಜನ ತುಂಬಿತ್ತು. ಯುಗಾದಿಗೆ ಶ್ಯಾವಿಗೆ ಹೊಸೆಯಲು ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಸೇರಿದ್ದರು. ಒಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಅಕ್ಕ ಆ ಮಾತು ಇವರಿಗೆಲ್ಲ ಹಂಚಿರುತ್ತಾಳೆ ಅಂತ ಗೊತ್ತಿತ್ತು, ಆದ್ದರಿಂದ ಅಲ್ಲೇ ನಿಂತು ಹೇಳಿದೆ. ಬ್ಲೀಚಿಂಗ್, ಸ್ಪಂಜು, ಸುಳ್ಳು, ಎಲ್ಲ. ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಅಕ್ಕ ಕೈಯ ಹಿಟ್ಟು ಒರೆಸಿಕೊಂಡಳು. "ಅಯ್ಯ ಖೋಡಿ, ಇದನ್ನ ಹೇಳಾಕ ಇಲ್ಲಿತನಾ ಬಂದಿ? ಸುಮ್ಮನಿದ್ರ ಯಾರಿಗೆ ಗೊತ್ತಾಗತಿತ್ತು?"

"ಸುಮ್ಮನಿದ್ದೆ ಅಕ್ಕಾ. ಹದಿನೈದು ದಿನ ಸುಮ್ಮನಿದ್ದೆ. ನನ್ನ ತಪ್ಪು ಆಕಿ ಹೊತ್ಲು. ನೀ ಆಕಿ ಕೈಗೆ ಅಂದ ಮಾತು ತಿರುಗಿ ತಗೋ."

ಅಕ್ಕ ಮುಖ ಗಂಟಿಕ್ಕಿದಳು. ಹಿರಿಯಳು, ತಮ್ಮನ ಬಾ‌ಯಲ್ಲಿ ಇಂಥದ್ದು ಕೇಳಿ ರೂಢಿಯಿಲ್ಲ. ಎದ್ದು ಒಳಗೆ ಹೋದಳು. ನಾಲ್ಕು ಗಂಟೆಗೆ ಬಂದು, "ಆಕಿಗೆ ಫೋನ್ ಹಚ್ಚು," ಅಂದಳು. ಹಚ್ಚಿಕೊಟ್ಟು ನಾನು ಕೆರೆಯ ಕಡೆ ಹೋದೆ. ಏನು ಮಾತಾಡಿದರೋ ಗೊತ್ತಿಲ್ಲ. ಬಂದಾಗ ಅಕ್ಕ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಹೊಗೆ ಅಂದಳು. ಒಲೆ ಹಚ್ಚಿರಲಿಲ್ಲ.

ಇವತ್ತು ಇಲ್ಲೇ ಉಳಿಯುತ್ತೇನೆ. ಶ್ಯಾವಿಗೆಯ ಒಂದು ಗಂಟು ಶಿವರಂಜನಿಗೆ ಅಂತ ಕಟ್ಟಿಟ್ಟಿದ್ದಾಳೆ.

ಮಾರ್ಚ್ 29, ಶನಿವಾರ

ಹತ್ತಕ್ಕೆ ಬೆಟಗೇರಿಗೆ ಬಂದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ತೊಟ್ಟಿಯ ಒಂಬತ್ತೂ ಮೀನು ಇದ್ದವು. ಮಾಶಾಕನಿಗೆ ಬರಬೇಡ ಅಂತ ಹೇಳಿದ್ದಾಳೋ ಇಲ್ಲವೋ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.

ಹಿತ್ತಲಿಗೆ ಹೋದೆ. ಸುಗ್ರಾಬಿಯ ಅಂಗಳಕ್ಕೂ ನಮ್ಮದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಆಚೆ ಹಾಸುಗಲ್ಲಿನ ಮೇಲೆ ಶಿವರಂಜನಿ ಸೀರೆ ಮೊಣಕಾಲಿಗೆ ಏರಿಸಿ, ಎರಡೂ ಕಾಲು ಚಾಚಿ ಕುಳಿತಿದ್ದಳು. ಕಾಲ ಮೇಲೆ ಕೂಸು ಬೋರಲು ಮಲಗಿತ್ತು. ಎಣ್ಣೆ ಹಚ್ಚಿದ ಬೆನ್ನನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ನೀವುತ್ತಿದ್ದಳು. ಸುಗ್ರಾಬಿ ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತು ಬಾಯಲ್ಲೇ ಎಲ್ಲ ಕೆಲಸ ಮಾಡುತ್ತಿದ್ದಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

ನಾನು ತಿರುಗಿ ಒಳಗೆ ಹೊರಟಿದ್ದೆ. ಶಿವರಂಜನಿ ತಲೆಯೆತ್ತದೆ ಕರೆದಳು.

"ಮಾವಾರ, ನನ್ನ ಕೈ ಎಣ್ಣಿ ಆಗ್ಯಾವ. ಆ ಬಕೆಟ್ಟಿನಾಗ ನೀರು ಬೆರಸಿ ಕೊಡ್ರಿ."

ಗೋಡೆ ದಾಟಿ ಹೋದೆ. ಹಂಡೆಯಿಂದ ನಾಲ್ಕು ಚೊಂಬು ಬಿಸಿ ಹಾಕಿದೆ, ಕೊಡದಿಂದ ತಣ್ಣೀರು ಹಾಕಿದೆ. ಮೊಣಕೈ ಅದ್ದಿ ನೋಡಿದೆ. ಸರಿ ಅನಿಸಿತು. ಮತ್ತೊಮ್ಮೆ ಅದ್ದಿದೆ. ಬಕೆಟ್ ಅವಳ ಪಕ್ಕಕ್ಕೆ ಇಟ್ಟು, "ಇಷ್ಟು ಬೆಚ್ಚಗ ಸಾಕೇನು ನೋಡವಾ ಮಗಳಽ," ಅಂದೆ.

ಶಿವರಂಜನಿ ಕೈ ಒರೆಸಿಕೊಂಡು ನೀರಿನಲ್ಲಿ ಇಳಿಬಿಟ್ಟಳು. "ಒಂದೀಟು ತಣ್ಣೀರು ಹಾಕ್ರಿ," ಅಂದಳು.

ಹಾಕಿದೆ.